ಅರ್ಕಾವತಿಯಿಂದ ಕಾವೇರಿಗೆ: ಬೆಂಗಳೂರಿನ ಕುಡಿಯುವ ನೀರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಊರೊಳಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳು ಮತ್ತು ಬಾವಿಗಳೇ ಇಲ್ಲಿನ ಜನರಿಗೆ ಆಧಾರ. ಮಳೆ ಕೈಕೊಟ್ಟ ವರ್ಷ ಅವೂ ಬತ್ತುತ್ತಿದ್ದವು.

ಊರಾಚೆಯಿಂದ ನೀರು ತರುವ ಯೋಜನೆ ರೂಪುಗೊಂಡದ್ದು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ. ಸೋಲದೇವನಹಳ್ಳಿಯ ಆಚೆಗಿರುವ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ನಿಲ್ಲಿಸಲಾಯಿತು. ಅಲ್ಲಿಂದ ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಇಳಿದು ಬಂದ ನೀರನ್ನು ಉಗಿಯಂತ್ರಗಳು ಮೇಲೆತ್ತಿ ನಗರದತ್ತ ತಳ್ಳುತ್ತಿದ್ದವು. ಚಾಮರಾಜೇಂದ್ರ ಜಲಕಾಮಗಾರಿ ಎಂದು ಹೆಸರಾದ ಈ ಏರ್ಪಾಡು ಆ ಕಾಲಕ್ಕೆ ದೊಡ್ಡ ಸಾಹಸ. ಆದರೆ ನಗರದ ಬೇಡಿಕೆ ಕೆಲವೇ ದಶಕಗಳಲ್ಲಿ ಅದನ್ನು ಮೀರಿತು. 1933ರಲ್ಲಿ ಅದೇ ನದಿಯ ಕೆಳಪಾತ್ರದಲ್ಲಿ, ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ, ಚಾಮರಾಜಸಾಗರ ಎದ್ದಿತು.

ಈ ಎರಡೂ ಜಲಾಶಯಗಳ ಕಥೆಯಲ್ಲಿ ಕಟ್ಟೆಗಿಂತ ಮುಖ್ಯವಾದದ್ದು ಕಟ್ಟೆಯ ಹಿಂದಿನ ನೆಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಯ ಕೆರೆಗಳ ಸಾಲನ್ನು ತುಂಬಿಸಿಕೊಂಡು ಬರುವ ನದಿ. ಮೇಲಿನ ಕೆರೆ ಕೋಡಿ ಬಿದ್ದರಷ್ಟೇ ಕೆಳಗಿನದಕ್ಕೆ ನೀರು. ಜಲಾನಯನದ ತುಂಬ ಬೋರ್‌ವೆಲ್‌ಗಳು ಇಳಿದವು, ಹೊಲಗಳಿಗೆ ನೀಲಗಿರಿ ತೋಪು ಬಂತು, ಕಾಲುವೆಗಳ ಮೇಲೆ ಬಡಾವಣೆಗಳು ಎದ್ದವು. ಅಂತರ್ಜಲ ಕುಸಿದ ಮೇಲೆ, ಮೊದಲು ಹಳ್ಳಕ್ಕೆ ಒಸರುತ್ತಿದ್ದ ನೀರೂ ನಿಂತಿತು. 2003ರಲ್ಲಿ ಸರ್ಕಾರ ತಿಪ್ಪಗೊಂಡನಹಳ್ಳಿ ಜಲಾನಯನದಲ್ಲಿ ನಿರ್ಬಂಧಗಳನ್ನು ಹೇರಿತು, ಆದರೆ ಹೊತ್ತು ಮೀರಿತ್ತು. 2012ರ ಹೊತ್ತಿಗೆ ಅಲ್ಲಿಂದ ನಗರಕ್ಕೆ ನೀರೆತ್ತುವುದೇ ನಿಂತುಹೋಯಿತು. ಅಣೆಕಟ್ಟು ಗಟ್ಟಿಯಾಗಿಯೇ ಇತ್ತು, ಹೊಳೆ ಸೊರಗಿತ್ತು.

ಅಷ್ಟರಲ್ಲಿ ನಗರ ಕಾವೇರಿಗೆ ಒಗ್ಗಿಕೊಂಡಿತ್ತು. ಜಲಮಂಡಳಿ ಹುಟ್ಟಿದ್ದು 1964ರಲ್ಲಿ, ಕಾವೇರಿ ಮೊದಲ ಹಂತದ ನೀರು ಬಂದದ್ದು 1974ರಲ್ಲಿ. ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರು ಹಾರೋಹಳ್ಳಿ, ತಾತಗುಣಿಗಳ ಪಂಪುಗಳನ್ನು ದಾಟಿ, ಸುಮಾರು 100 ಕಿಲೋಮೀಟರ್ ಸಾಗಿ, ಅರ್ಧ ಕಿಲೋಮೀಟರಿನಷ್ಟು ಎತ್ತರ ಏರಬೇಕು. ಹೀಗಾಗಿ ಪ್ರತಿ ಕೊಡಕ್ಕೂ ಕರೆಂಟಿನ ಖರ್ಚು ಅಂಟಿಕೊಂಡಿದೆ.

ದೊಡ್ಡ ನದಿಯಿಲ್ಲದ ಎತ್ತರದ ನಗರಕ್ಕೆ ಇನ್ನೊಂದು ನಿದರ್ಶನ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್. ನೆರೆಯ ಪುಟ್ಟ ದೇಶ ಲೆಸೊಥೊ ಜೊತೆ 1986ರಲ್ಲಿ ಮಾಡಿಕೊಂಡ ಒಪ್ಪಂದದಂತೆ, 185 ಮೀಟರ್ ಎತ್ತರದ ಕಟ್ಸೆ ಅಣೆಕಟ್ಟಿನ ನೀರು ಬೆಟ್ಟದ ಸುರಂಗಗಳಲ್ಲಿ ಇಳಿದು ವಾಲ್ ನದಿಯ ಕಡೆಗೆ ಹರಿಯುತ್ತದೆ. ಅಲ್ಲಿಂದಾಚೆಗೆ ನಗರಕ್ಕೆ ಏರಿಸಲು ಅವರಿಗೂ ಪಂಪು ಬೇಕು. ಬೆಂಗಳೂರಿಗೆ ಇಳಿಜಾರಿನ ಆ ಅರ್ಧ ಸೌಲಭ್ಯವೂ ಇಲ್ಲ.

ಕಾವೇರಿ ನೀರಿಗೆ ಹಂಚಿಕೆಯ ಮಿತಿಯೂ ಇದೆ. ನಗರದ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂಬ ಲೆಕ್ಕದಲ್ಲಿ ಕಾವೇರಿ ನ್ಯಾಯಮಂಡಳಿ ಬೆಂಗಳೂರಿನ ಪಾಲನ್ನು ಕಡಿಮೆ ಇರಿಸಿತ್ತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪದೆ, ನಗರದ ಕುಡಿಯುವ ನೀರಿಗಾಗಿ 4.75 ಟಿಎಂಸಿ ಹೆಚ್ಚುವರಿ ಕೊಟ್ಟಿತು. ಕುಡಿಯುವ ನೀರಿಗೆ ಕೊಳ್ಳದ ಗೆರೆ ಅಡ್ಡಬರಬಾರದೆಂಬುದು ನ್ಯಾಯವಾದ ನಿಲುವು. 2024ರ ಬೇಸಿಗೆಯಲ್ಲಿ ಹೊರವಲಯದ ಬೋರ್‌ವೆಲ್‌ಗಳು ಒಣಗಿ ಜನ ಟ್ಯಾಂಕರ್‌ಗೆ ಕಾಯಬೇಕಾಯಿತು. ಅದೇ ವರ್ಷ ಅಕ್ಟೋಬರ್ 16ರಂದು, ಹೊರವಲಯದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು.