ಅಂಚಿಲ್ಲದ ಮಾತು: ‘ನೆಬ್ಯುಲಸ್’



ಇಂಗ್ಲಿಷ್ ಪತ್ರಿಕೆ ಓದುವಾಗ ‘ನೆಬ್ಯುಲಸ್’ ಎಂಬ ಪದವನ್ನು ನೀವು ಕಂಡಿರಬಹುದು. ನಿಘಂಟಿನಲ್ಲಿ ನೋಡಿದರೆ ‘ಅಸ್ಪಷ್ಟ’ ಎಂದಿರುತ್ತದೆ. ತೊಡಕು ಏನೆಂದರೆ ‘ವೇಗ್’, ‘ಅಬ್‌ಸ್ಕ್ಯೂರ್’, ‘ಆಂಬಿಗ್ಯುಅಸ್’ ಎಂಬ ಪದಗಳಿಗೂ ಹೆಚ್ಚುಕಡಿಮೆ ಅದೇ ಅರ್ಥ ಬರೆದಿರುತ್ತಾರೆ. (ಈ ‘ವೇಗ್’ಗೂ ನಮ್ಮ ವೇಗಕ್ಕೂ ಸಂಬಂಧವಿಲ್ಲ!) ನಾಲ್ಕಕ್ಕೂ ಒಂದೇ ಅರ್ಥವಾದರೆ ನಾಲ್ಕು ಪದಗಳೇಕೆ ಬೇಕು?

ಲ್ಯಾಟಿನ್ ಭಾಷೆಯಲ್ಲಿ ‘ನೆಬ್ಯುಲ’ ಎಂದರೆ ಮಂಜು, ಮೋಡ. ನೆಬ್ಯುಲಸ್ ಹುಟ್ಟಿದ್ದು ಅದರಿಂದ. ಸಂಸ್ಕೃತದ ‘ನಭಸ್’ ಇದರ ಸೋದರ ಪದ. ಕನ್ನಡದಲ್ಲಿ ನಾವು ಆಕಾಶಕ್ಕೆ ‘ನಭ’ ಎನ್ನುತ್ತೇವಲ್ಲ, ಅದೇ. ಹಾಗಾಗಿ ನೆಬ್ಯುಲಸ್ ನಮಗೆ ಅಷ್ಟೇನೂ ಅಪರಿಚಿತನಲ್ಲ, ದೂರದ ನೆಂಟ.

ಮಂಜಿನಲ್ಲಿ ನಿಂತ ಮರವನ್ನು ಕ್ಯಾಮೆರಾದಲ್ಲಿ ನೋಡಿ. ಮರವಿದೆ ಎಂಬುದು ಖಚಿತ, ಆದರೆ ಅದು ಎಲ್ಲಿ ಮುಗಿಯಿತು, ಮಂಜು ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆಯಲಾಗದು. ವಸ್ತುವಿದೆ, ಅಂಚಿಲ್ಲ. ಇದು ನೆಬ್ಯುಲಸ್.

ಖಗೋಳಶಾಸ್ತ್ರದಲ್ಲಿ ಇದು ದೂಷಣೆಯ ಮಾತೇ ಅಲ್ಲ. ಚಳಿಗಾಲದ ರಾತ್ರಿ ಮಹಾವ್ಯಾಧ ನಕ್ಷತ್ರಪುಂಜದ ನಡುಪಟ್ಟಿಯ ಕೆಳಗೆ ಮಸುಕಾದ ಒಂದು ಚುಕ್ಕೆಯನ್ನು ಬರಿಗಣ್ಣಿನಿಂದಲೇ ನೋಡಬಹುದು. ಅದೊಂದು ನೀಹಾರಿಕೆ. ನೀಹಾರವೆಂದರೂ ಮಂಜೇ! ಫ್ರಾನ್ಸಿನ ಷಾರ್ಲ್ ಮೆಸಿಯೆ ಧೂಮಕೇತುಗಳನ್ನು ಹುಡುಕುತ್ತಿದ್ದವನು. ಇಂಥ ಮಸುಕುಗಳನ್ನು ಕಂಡು ಮೋಸಹೋಗಬಾರದೆಂದು ಅವನು ಪಟ್ಟಿ ಮಾಡಿದ. 1781ರ ವೇಳೆಗೆ ಅದರಲ್ಲಿ 103 ಸೇರಿದ್ದವು. ಪಟ್ಟಿಯ 31ನೆಯದು ದೇವಯಾನಿಯ ‘ನೀಹಾರಿಕೆ’. 1923ರಲ್ಲಿ ಎಡ್ವಿನ್ ಹಬಲ್ ಅದರೊಳಗೆ ಮಿಡಿಯುವ ನಕ್ಷತ್ರವೊಂದನ್ನು ಗುರುತಿಸಿ ಅದರ ದೂರವನ್ನು ಲೆಕ್ಕಹಾಕಿದಾಗ, ಅದು ಮಂಜಲ್ಲ, ನಮ್ಮದರಂತೆಯೇ ಇನ್ನೊಂದು ಗ್ಯಾಲಕ್ಸಿ ಎಂದು ತಿಳಿಯಿತು. ಇಂದಿನ ಲೆಕ್ಕದಂತೆ ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ.

ಈಗ ಆಕಾಶದಿಂದ ಕಡೂರು ತಾಲ್ಲೂಕಿಗೆ ಇಳಿಯೋಣ. ಅಲ್ಲಿನ ದೇವನೂರು ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರೆಂದು ಪ್ರಸಿದ್ಧ. ಕವಿಯೇನೂ ‘ಅಬ್‌ಸ್ಕ್ಯೂರ್’ ಅಲ್ಲ. ವಾರ್ಧಕ ಷಟ್ಪದಿಯ ಅವನ 34 ಸಂಧಿಗಳನ್ನು ಹಳ್ಳಿಹಳ್ಳಿಗಳಲ್ಲಿ ಗಮಕಿಗಳು ಹಾಡಿದ್ದಾರೆ. ಆದರೆ ಅವನ ಬಾಳು ಅಬ್‌ಸ್ಕ್ಯೂರ್: ಮರೆಯಲ್ಲಿದೆ, ತಿಳಿದದ್ದು ಬಹಳ ಕಡಿಮೆ.

ಅವನ ಅಂಕಿತದಲ್ಲಿ ದೇವಪುರದ ಲಕ್ಷ್ಮೀರಮಣನ ಹೆಸರಿದೆ. ಊರನ್ನು ಪುರವೆಂದರೆ ದೇವನೂರು ದೇವಪುರವಾಗುತ್ತದೆ. ಆದರೆ ಸುರಪುರದ ಕಡೆಯ ದೇವಾಪುರವೇ ಕವಿಯ ಊರು ಎಂಬ ವಾದವೂ ಇದೆ. ಈ ‘ದೇವಪುರ’ ಎಂಬ ಮಾತು ‘ಆಂಬಿಗ್ಯುಅಸ್’. ಇಲ್ಲಿ ಮಂಜಿಲ್ಲ, ಎರಡು ಊರುಗಳೂ ನಕ್ಷೆಯಲ್ಲಿ ಸ್ಪಷ್ಟವಾಗಿವೆ, ಯಾವುದೆಂದು ಆರಿಸಬೇಕಷ್ಟೆ. ಹೆಚ್ಚಿನ ವಿದ್ವಾಂಸರು ದೇವನೂರನ್ನೇ ಒಪ್ಪುತ್ತಾರೆ.

ಕಾಲದ ಪ್ರಶ್ನೆ ಬೇರೆ. ಕಾವ್ಯದಲ್ಲಿ ರಚನೆಯ ವರ್ಷ ಹೇಳಿಲ್ಲ. ಕೆಲವರು 16ನೆಯ ಶತಮಾನವೆನ್ನುತ್ತಾರೆ, ಕೆಲವರು 17ನೆಯ ಶತಮಾನದ ಕೊನೆಯವರೆಗೂ ತರುತ್ತಾರೆ. ಕವಿ ಬದುಕಿದ್ದ, ಬರೆದ. ಕಾಲಕ್ಕೆ ಮಾತ್ರ ಅಂಚು ಸಿಗುತ್ತಿಲ್ಲ. ಇದನ್ನು ನೆಬ್ಯುಲಸ್ ಎಂದರೆ ಸರಿಯಾದೀತು. ಹೀಗಿರುವಾಗ ಗೈಡುಗಳು ‘ಕಾಲ: ಕ್ರಿ.ಶ. 1550’ ಎಂದು ಅಚ್ಚುಹಾಕುವುದು ನನಗೆ ಒಪ್ಪಿಗೆಯಿಲ್ಲ. ‘ಸುಮಾರು’ ಎಂಬ ಒಂದು ಪದ ಬಿಟ್ಟುಹೋದರೆ ಒಂದು ಊಹೆ ಸತ್ಯವಾಗಿ ಕುಳಿತುಬಿಡುತ್ತದೆ. ಮುಂದೆ ಯಾರೂ ಹುಡುಕುವುದಿಲ್ಲ.

ಮಾತಿನಲ್ಲಿ ಈ ಪದವನ್ನು ಬಳಸುವುದು ಹೆಚ್ಚಾಗಿ ಯೋಜನೆ, ಕಲ್ಪನೆ, ಭರವಸೆಗಳಿಗೆ. ‘ಯುವಜನರ ಬಗ್ಗೆ ಏನಾದರೂ ಒಂದು ಒಳ್ಳೆಯ ಕಾರ್ಯಕ್ರಮ ಮಾಡೋಣ’ ಎಂದು ನಮ್ಮ ಸಭೆಗಳಲ್ಲಿ ಯಾರಾದರೂ ಹೇಳುವುದುಂಟು. ಯಾವ ಯುವಜನ, ಎಷ್ಟು ನಿಮಿಷ, ಏನು ವಿಷಯ? ಅದು ನೆಬ್ಯುಲಸ್ ಸಲಹೆ. ಸ್ನೇಹಿತನ ಅಕ್ಷರ ಓದಲಾಗದಿದ್ದರೆ ಹಾಗೆನ್ನಬೇಡಿ. ಅದಕ್ಕೆ ‘ಇಲ್ಲೆಜಿಬಲ್’ ಎಂಬ ಬೇರೆ ಪದವಿದೆ. ಕೆರೆಯ ಬಗ್ಗಡ ನೀರಿಗೂ ಇದು ಸಲ್ಲದು, ಅದು ‘ಟರ್ಬಿಡ್’. ಇನ್ನು ಉಚ್ಚಾರಣೆ: ಒತ್ತು ಮೊದಲ ‘ನೆ’ ಮೇಲೆ ಬೀಳಬೇಕು.