ಪಾಸು ಕೊಳ್ಳುವ ಮುನ್ನ ಒಂದು ಲೆಕ್ಕ



ಜಪಾನ್ ನೋಡಿಬರಲು ಹೊರಟವರಿಗೆ ಮೊದಲು ಕೈ ಸುಡುವುದು ರೈಲಿನ ದರ. ಟೋಕಿಯೋದಿಂದ ಕ್ಯೋಟೋಗೆ ಶಿಂಕಾನ್‌ಸೆನ್ ಎಂಬ ವೇಗದ ರೈಲಿನಲ್ಲಿ ಒಂದು ಸಲ ಹೋಗಲು ಸುಮಾರು 14,000 ಯೆನ್ ಬೇಕು. 'ಪಾಸು ಕೊಂಡರಾಯಿತು' ಎಂಬುದು ಹಳೆಯ ಸಲಹೆ. ವಿದೇಶಿ ಪ್ರವಾಸಿಗರ ಏಳು ದಿನದ ಜಪಾನ್ ರೈಲ್ ಪಾಸಿಗೆ 29,650 ಯೆನ್ ಇದ್ದಾಗ ಅದು ಸರಿಯೇ. ಕ್ಯೋಟೋಗೆ ಹೋಗಿಬಂದರೆ ಕೊಟ್ಟ ಹಣ ಬಹುಮಟ್ಟಿಗೆ ಹುಟ್ಟುತ್ತಿತ್ತು. 2023ರ ಅಕ್ಟೋಬರಿನಲ್ಲಿ ಪಾಸಿನ ಬೆಲೆ 50,000ಕ್ಕೆ ಏರಿತು. ಅಲ್ಲಿಂದೀಚೆಗೆ, ಅಷ್ಟೇ ಪ್ರಯಾಣಕ್ಕೆ ಪಾಸು ಕೊಂಡವರಿಗೆ 20,000 ಯೆನ್‌ಗೂ ಮೀರಿ ನಷ್ಟ. ಓದಲೆಂದು ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗಂತೂ ಈ ಪಾಸು ಸಿಗುವುದೇ ಇಲ್ಲ.

ಹಾಗಾದರೆ ಉಳಿತಾಯ ಎಲ್ಲಿ? ಶಿಂಕಾನ್‌ಸೆನ್ ದರದಲ್ಲಿ ಎರಡು ಭಾಗಗಳಿವೆ: ದೂರಕ್ಕೆ ತಕ್ಕ ಮೂಲ ದರ ಮತ್ತು ವೇಗಕ್ಕಾಗಿ ತೆರುವ ಹೆಚ್ಚುವರಿ ದರ. ಸಾಧಾರಣ ರೈಲಿನಲ್ಲಿ ಎರಡನೆಯದು ಇಲ್ಲ. ಕ್ಯೋಟೋ ದಾರಿಯಲ್ಲಿ ಹೀಗೆ ಸುಮಾರು 6,000 ಯೆನ್ ಉಳಿದೀತು. ಆದರೆ ಎರಡು ಗಂಟೆ ಚಿಲ್ಲರೆಯ ಪ್ರಯಾಣ ಹಗಲೆಲ್ಲ ಹಿಡಿಯುತ್ತದೆ, ಹಲವು ಕಡೆ ಗಾಡಿ ಬದಲಿಸಬೇಕು.

ಶಾಲಾ ಕಾಲೇಜು ರಜೆಯ ಕಾಲದಲ್ಲಿ ಸಾಧಾರಣ ರೈಲುಗಳಿಗೆಂದೇ 'ಸೇಯಿಶುನ್ 18' ಎಂಬ ಟಿಕೆಟು ಮಾರುತ್ತಾರೆ. ಸೇಯಿಶುನ್ ಎಂದರೆ ಯೌವನ. ಆದರೂ ವಯಸ್ಸಿನ ಮಿತಿಯಿಲ್ಲ. ನಲವತ್ತು ದಾಟಿದ ನನಗೂ ಸಿಗುತ್ತದೆ! 2024ರ ಚಳಿಗಾಲದಿಂದ ಇದನ್ನು ಮೂರು ಅಥವಾ ಐದು ದಿನ ಸತತವಾಗಿ ಬಳಸಬೇಕಾಗಿದೆ. ನಡುವೆ ಒಂದು ದಿನ ಊರು ನೋಡುತ್ತ ನಿಂತರೆ ಆ ದಿನದ ಹಣ ಹೋದಂತೆಯೇ.

ರಾತ್ರಿ ಬಸ್ಸುಗಳೂ ಇವೆ. ದರ ಶಿಂಕಾನ್‌ಸೆನ್‌ಗಿಂತ ಸಾಮಾನ್ಯವಾಗಿ ಕಡಿಮೆ, ಒಂದು ರಾತ್ರಿಯ ವಸತಿ ಖರ್ಚೂ ಉಳಿಯುತ್ತದೆ. ಕುಳಿತಲ್ಲೇ ನಿದ್ದೆ ಬರುವವರಿಗೆ ನನ್ನ ಮತ ಬಸ್ಸಿಗೇ.