ತಗ್ಗಿಸಿದರೆ ಸಾಕೇ?



ನೆಲಕ್ಕೆ ಅಂಟಿಕೊಂಡಂತೆ ಓಡುವ ಸ್ಪೋರ್ಟ್ಸ್ ಕಾರನ್ನು ನೀವು ಮೆಚ್ಚಿರಬಹುದು. ಅದು ತಗ್ಗಾಗಿರುವುದು ಕೇವಲ ಅಂದಕ್ಕಲ್ಲ. ತಿರುವಿನಲ್ಲಿ ಕಾರಿನ ಭಾರ ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳ ಮೇಲೆ ಜರುಗುತ್ತದೆ. ಗುರುತ್ವ ಕೇಂದ್ರ ನೆಲದಿಂದ ಎತ್ತರದಲ್ಲಿದ್ದಷ್ಟೂ ಜರುಗುವ ಭಾರ ಹೆಚ್ಚು. ಆ ಎತ್ತರ 50 ಸೆಂಟಿಮೀಟರಿನಿಂದ 47.5ಕ್ಕೆ ಇಳಿಯಿತೆನ್ನಿ, ಅದೇ ತಿರುವಿನಲ್ಲಿ, ಅದೇ ವೇಗದಲ್ಲಿ ಜರುಗುವ ಭಾರ ನೂರಕ್ಕೆ 5ರಷ್ಟು ಕಡಿಮೆಯಾಗುತ್ತದೆ.

ಇಂಗ್ಲೆಂಡಿನ ಎಂಜಿಬಿ ಕಾರನ್ನೇ ನೋಡಿ. 1962ರಲ್ಲಿ ಬಂದ ಈ ಕಾರನ್ನು ಅಮೆರಿಕದ ನಿಯಮಗಳಿಗೆ ಹೊಂದಿಸಲು 1974ರಲ್ಲಿ ಸುಮಾರು 25 ಮಿಲಿಮೀಟರ್ ಎತ್ತರಿಸಿದರು. ಜೊತೆಗೆ, ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರ್ ಎಂಬ ಉಕ್ಕಿನ ಸರಳನ್ನೂ ಕೈಬಿಟ್ಟರು. ತಿರುವಿನಲ್ಲಿ ಕಾರು ವಿಪರೀತ ವಾಲತೊಡಗಿತು. 1976ರಲ್ಲಿ ಮುಂದೆಯೂ ಹಿಂದೆಯೂ ಸರಳುಗಳನ್ನು ಅಳವಡಿಸಿದಾಗ, ಎತ್ತರ ಹಾಗೆಯೇ ಉಳಿದರೂ ವಾಲಾಟ ಹತೋಟಿಗೆ ಬಂದಿತು.

ಹಾಗಾದರೆ ತಗ್ಗಿಸುವುದು ತಪ್ಪೇ? ತಪ್ಪಲ್ಲ. ಆದರೆ ಸ್ಪ್ರಿಂಗನ್ನು ಮೊಟಕುಗೊಳಿಸಿದರೆ ಚಕ್ರ ಮೇಲೇಳಲು ಇರುವ ಜಾಗವೂ ಮೊಟಕಾಗುತ್ತದೆ. ರಸ್ತೆಯ ಉಬ್ಬುತಗ್ಗು ಬಂದಾಗ ಚಕ್ರದ ಚಲನೆ ಕೊನೆಮುಟ್ಟಿ, ಪೆಟ್ಟು ನೇರವಾಗಿ ಕಾರಿನ ಒಡಲಿಗೆ ಬೀಳುತ್ತದೆ. ಟೈರು ನೆಲ ಬಿಟ್ಟು ನೆಗೆಯಬಹುದು. ನೆಲ ಬಿಟ್ಟ ಟೈರು ಬ್ರೇಕಿನ ಮಾತನ್ನೂ ಕೇಳದು, ಸ್ಟಿಯರಿಂಗಿನ ಮಾತನ್ನೂ ಕೇಳದು. ಅಲ್ಲಿ ಪಣಕ್ಕಿರುವುದು ಕಾರಿನ ಅಂದವಲ್ಲ, ಒಳಗೆ ಕುಳಿತವರ ಪ್ರಾಣ.

ಆದ್ದರಿಂದ ಯಂತ್ರವನ್ನು ಮುಟ್ಟುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ನಾನು ನೀಗಬೇಕಾದ ದೋಷ ಯಾವುದು? ಅದನ್ನು ನೀಗಲು ಹೋಗಿ ಯಾವ ಗುಣವನ್ನು ಕಳೆದುಕೊಳ್ಳುತ್ತೇನೆ? ಉತ್ತರ ಸಿಕ್ಕಿದ ಮೇಲೆ ಸ್ಪ್ಯಾನರು ಕೈಗೆತ್ತಿಕೊಳ್ಳಿ.